ಮುಂದಿನ ಸೋಮವಾರ

ಕೋವಿಡ್ ಕಳೆದು ಕೋರ್ಟುಗಳಲ್ಲಿ ಮತ್ತೆ ಜನ ತುಂಬತೊಡಗಿದ ವರ್ಷ ನಾನು ಸುರಪುರದ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್ ಆಗಿದ್ದೆ. ಯಾದಗಿರಿ ಪೇಟೆಯಲ್ಲಿ ಬೆಳೆದ ಅವರಿಗೆ ಕಾನೂನು ಚೆನ್ನಾಗಿ ಗೊತ್ತಿತ್ತು. ತಪ್ಪು ಒಪ್ಪಿಕೊಳ್ಳುವುದೊಂದು ಗೊತ್ತಿರಲಿಲ್ಲ.

ಕಕ್ಕೇರಾ ಕಡೆಯ ಮಲ್ಲಮ್ಮ ಕುರಿ ಸಾಕಿ ಬದುಕುವ ಹೆಂಗಸು. ಅಪ್ಪನ ಹೊಲದಲ್ಲಿ ತನ್ನ ಪಾಲು ಕೇಳಿ ಅಣ್ಣಂದಿರ ಮೇಲೆ ನಮ್ಮ ಮೂಲಕ ದಾವೆ ಹೂಡಿದ್ದಳು. ಸಾಕ್ಷಿ ನುಡಿಯಬೇಕಿದ್ದ ದಿನ ಅವಳು ಬರಲಿಲ್ಲ. ಅದೇ ಕೊನೆಯ ಅವಕಾಶವಾಗಿತ್ತು. ವಾದಿ ಗೈರು ಎಂದು ನ್ಯಾಯಾಧೀಶರು ದಾವೆ ವಜಾ ಮಾಡಿದರು. ಒಂದು ವಾರ ಬಿಟ್ಟು, ಏನೂ ಆಗಿಲ್ಲವೆಂಬಂತೆ ಮಲ್ಲಮ್ಮ ಕೋರ್ಟಿಗೆ ಬಂದಳು. ಸೀನಿಯರ್ ಬಾರ್ ರೂಮಿನಲ್ಲಿ ಎಲ್ಲರೆದುರು ನನ್ನತ್ತ ಕೈ ತೋರಿಸಿದರು.

"ಈಕಿ ತಾರೀಖು ತಪ್ಪು ಹೇಳ್ಯಾಳ. ಹೆಣ್ಮಕ್ಕಳ ಕೈಯಾಗ ಕೆಲಸ ಕೊಟ್ರ ಹಿಂಗ ಆಗ್ತದ."

ಅವಳಿಗೆ ದಿನ ಹೇಳಿದ್ದು ಅವರೇ. ನಾನು ಪಕ್ಕದಲ್ಲಿ ನಿಂತು ಕೇಳಿದ್ದೆ. ಅಂದೇ ಕಚೇರಿ ಬಿಟ್ಟೆ. ಈ ಮನುಷ್ಯನನ್ನು ಸುಮ್ಮನೆ ಬಿಡಬಾರದು ಎಂದುಕೊಂಡೆ.

ಮೊದಲು ಕಕ್ಕೇರಾಕ್ಕೆ ಹೋಗಿ, ಹೇಳಿದ ದಿನ ಯಾಕೆ ಬರಲಿಲ್ಲ ಎಂದು ಮಲ್ಲಮ್ಮನನ್ನೇ ಕೇಳಿದೆ.

"ಸಾಹೇಬ್ರು ಮುಂದಿನ ಸೋಮಾರ ಅಂದ್ರು ಅಕ್ಕಾರ. ಬರೋ ಸೋಮಾರ ಅಂದಿದ್ರ ಬರ್ತಿದ್ದೆ. ಮುಂದಿಂದು ಅಂದ್ರ ಅದರ ಆಚೀದಲ್ಲೇನ್ರಿ?"

ಸೀನಿಯರ್ ಹೇಳಿದ್ದು ಮೊದಲು ಬರುವ ಸೋಮವಾರ. ಅವಳು ತಿಳಿದದ್ದು ಅದರಾಚೆಯದು. ಒಂದು ಮಾತಿನಲ್ಲಿ ಒಬ್ಬಳ ಹೊಲ ಹೋಗಿತ್ತು.

ಗಡುವು ಮೀರುವ ಮೊದಲೇ ದಾವೆಯನ್ನು ಮತ್ತೆ ಜೀವಂತಗೊಳಿಸುವ ಅರ್ಜಿ ಸಿದ್ಧಪಡಿಸಿದೆ. ಸತ್ತ ಕೇಸೆಂದು ಸೀನಿಯರ್ ನಗುತ್ತಲೇ ವಕಾಲತ್ತು ಬಿಟ್ಟುಕೊಟ್ಟಿದ್ದರು. ಆದರೆ ಮಲ್ಲಮ್ಮನ ಮಾತೊಂದನ್ನೇ ಕೋರ್ಟು ನಂಬುವುದು ಕಷ್ಟವಿತ್ತು. ಆ ಮಾತು ಆಡಿದವರೇ ಅಫಿಡವಿಟ್ಟಿನಲ್ಲಿ ಒಪ್ಪಿಕೊಳ್ಳಬೇಕಿತ್ತು. ಕರಡು ಹಿಡಿದು ಅವರ ಎದುರು ಕೂತೆ. ಸಹಿ ಮಾಡದಿದ್ದರೆ ನಿಮ್ಮನ್ನೇ ಸಾಕ್ಷಿಕಟ್ಟೆಗೆ ಕರೆಸುತ್ತೇನೆ ಎಂದೆ. ಅವರ ನಗೆ ನಿಂತಿತು.

"ನನ್ನ ಹೆಸರು ಯಾಕವಾ? ಆಫೀಸಿನ ತಪ್ಪು ಅಂತ ಬರಿ."

"ಅವತ್ತು ನೀವು ಆಫೀಸಿನ ಕಡಿ ಕೈ ತೋರಿಸಲಿಲ್ರಿ ಸರ್. ನನ್ನ ಕಡಿ ತೋರಿಸಿದ್ರಿ."

ಸಹಿ ಮಾಡಿದರು. ನ್ಯಾಯಾಧೀಶರು ತುಂಬಿದ ಕೋರ್ಟಿನಲ್ಲಿ ಆ ಅಫಿಡವಿಟ್ಟನ್ನು ಓದಿಸಿದಾಗ ಸೀನಿಯರ್ ತಲೆ ತಗ್ಗಿಸಿದ್ದನ್ನು ನಾನು ಕಣ್ತುಂಬ ನೋಡಿದೆ. ದಾವೆ ಮತ್ತೆ ನಡೆಯಿತು. ಮಲ್ಲಮ್ಮನಿಗೆ ಪಾಲು ಸಿಕ್ಕಿತು.

ಈಗ ನನ್ನದೇ ಕಚೇರಿಯಿದೆ. ಏನಾದರೂ ಎಡವಟ್ಟಾದರೆ ಎಲ್ಲಿ ಆಯಿತು ಎಂದು ಮೊದಲು ಹುಡುಕುತ್ತೇವೆ, ಯಾರಿಂದ ಎಂಬುದು ಆಮೇಲೆ. ಸಿಕ್ಕ ಪರಿಹಾರವನ್ನು ಅಂದೇ ಕಚೇರಿಯ ಪದ್ಧತಿ ಮಾಡುತ್ತೇವೆ. ಕಕ್ಷಿದಾರರು ಎದ್ದು ಹೋಗುವ ಮುನ್ನ ತಮ್ಮ ಮಾತಿನಲ್ಲೇ ದಿನ ಹೇಳಬೇಕು: ಯಾವ ಸಂತೆಯ ಮರುದಿನ, ಅಮಾವಾಸ್ಯೆಗೆ ಮೊದಲೋ ಆಮೇಲೋ. ಆಮೇಲೆ ನಮ್ಮ ಒಂದು ಕೇಸೂ ಹಾಗೆ ವಜಾ ಆಗಿಲ್ಲ.

ಸಿಟ್ಟನ್ನು ಜಗಳದಲ್ಲಿ ಕಳೆಯಬಾರದು, ಕೆಲಸಕ್ಕೆ ಹಚ್ಚಬೇಕು ಎಂದು ಈ ವೃತ್ತಿ ನನಗೆ ಕಲಿಸಿತು. ಕ್ಷಮಿಸುವುದನ್ನು ಕಲಿಸಲಿಲ್ಲ. ಕಚೇರಿಯನ್ನು ನಾನು ಬೇಕೆಂದೇ ಸೀನಿಯರ್ ಕೋಣೆಯ ಪಕ್ಕದಲ್ಲಿ ಹಿಡಿದಿದ್ದೇನೆ; ನಡುವೆ ಇರುವುದು ಪ್ಲೈವುಡ್ ಗೋಡೆಯೊಂದೇ. ಬಂದವರೆಲ್ಲರಿಗೂ ಹೇಳುತ್ತೇನೆ:

"ದಿನ ಯಾವುದು, ಇನ್ನೊಮ್ಮೆ ಹೇಳ್ರಿ. ಸ್ವಲ್ಪ ಜೋರಾಗಿ."