ಕೆಡದ ಲೈನಿನ ಮೆಕ್ಯಾನಿಕ್

ಸದ್ದಿಲ್ಲದೆ ದುಡಿಯುವವರ ಹೆಗಲ ಮೇಲೆಯೇ ಈ ಲೋಕ ನಿಂತಿದೆ ಎಂದು ಹಿರಿಯರು ಅಪ್ಪಣೆ ಕೊಡಿಸಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಒಬ್ಬರೂ ಕಾರ್ಖಾನೆಯಲ್ಲಿ ಬಡ್ತಿಗಾಗಿ ಕಾದವರಲ್ಲ.

ಗೌರಿಬಿದನೂರಿನ ಹೊರಗೆ, ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಮೇಂಟೆನೆನ್ಸ್ ಮೆಕ್ಯಾನಿಕ್ ಆಗಿದ್ದೆ. ನಂದಿ ಕಡೆಯ ದ್ರಾಕ್ಷಿ ನಮ್ಮ ಪೆಟ್ಟಿಗೆಯಲ್ಲೇ ಊರು ಬಿಡುತ್ತಿತ್ತು. ಕಾಗದವನ್ನು ಸುಕ್ಕುಗಟ್ಟಿಸಿ ರಟ್ಟು ಮಾಡುವ ಲೈನುಗಳು ಎರಡು. ಮೊದಲನೆಯದು ನನ್ನ ಪಾಲಿಗೆ, ಎರಡನೆಯದು ನನ್ನ ಷಡ್ಡಕನ ಪಾಲಿಗೆ. ನಾನು ಅಕ್ಕನನ್ನು, ಅವನು ತಂಗಿಯನ್ನು ಮದುವೆಯಾದವರು. ಅವನನ್ನು ಆ ಕೆಲಸಕ್ಕೆ ಸೇರಿಸಿದವನೂ ನಾನೇ. ಆ ವರ್ಷ ನಮ್ಮ ಫೋರ್‌ಮನ್ ನಿವೃತ್ತರಾಗುವವರಿದ್ದರು. ಆ ಜಾಗ ನನ್ನದೇ ಎಂದು ಅವರೇ ಹೇಳಿದ್ದರು, ಕ್ಯಾಂಟೀನಿನವನೂ ಹೇಳಿದ್ದ, ನನ್ನ ಹೆಂಡತಿಯಂತೂ ತವರಿಗೆ ಫೋನ್ ಮಾಡಿ ಹೇಳಿಯಾಗಿತ್ತು.

ನನ್ನ ಕೆಲಸದ ಕ್ರಮ ಹಳೆಯದು. ಶಿಫ್ಟಿಗೆ ಬಂದ ಕೂಡಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಹೊದಿಕೆಯ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವುದು. ಒಳಗೆ ಗುಂಡು ಸವೆಯತೊಡಗಿದ್ದರೆ ಮರಳು ಅಗಿದಂಥ ಸದ್ದು ಬರುತ್ತದೆ. ಬಂದರೆ ಭಾನುವಾರ ಲೈನು ನಿಂತಾಗ ಬದಲಿಸುವುದು. ಕಣ್ಣು ತೆರೆದುಕೊಂಡರೆ ಆ ಸದ್ದು ಸಿಗುವುದಿಲ್ಲ. ಯಾಕೋ ಗೊತ್ತಿಲ್ಲ, ಧ್ಯಾನಕ್ಕೂ ಹಾಗೇ ಅನ್ನುತ್ತಾರೆ.

ಹೊಸದಾಗಿ ಬಂದ ಮ್ಯಾನೇಜರರು ನನ್ನನ್ನು ಮೊದಲು ಕಂಡದ್ದು ಆ ಭಂಗಿಯಲ್ಲಿ.

"ಏನಪ್ಪಾ, ನಿಂತ್ಕೊಂಡೇ ನಿದ್ದೆನಾ?"

"ಇಲ್ಲ ಸರ್, ಬೇರಿಂಗ್ ಕೇಳ್ತಿದ್ದೀನಿ."

"ಏನಂತೆ ಅದು?"

"ಚೆನ್ನಾಗೈತಂತೆ ಸರ್."

"ಅದು ಚೆನ್ನಾಗಿದ್ಮೇಲೆ ನೀನ್ಯಾಕಪ್ಪ ಇಲ್ಲಿದ್ದೀಯ?"

ಜೊತೆಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮೇಲಿನವರ ತಮಾಷೆಗೆ ನಗುವುದೂ ಮೇಂಟೆನೆನ್ಸ್ ಕೆಲಸವೇ.

ಷಡ್ಡಕನ ಕ್ರಮ ಬೇರೆ. ಮುರುಗಮಲ್ಲದ ಕಡೆಯವನು, ಕೈ ಚುರುಕು, ಬಾಯಿ ಇನ್ನೂ ಚುರುಕು. ಗ್ರೀಸು ಹಾಕುವುದೆಂದರೆ ಮಾತ್ರ ಅವನಿಗೆ ಆಗದು.

"ಚೈನು ಒಣಗೈತೆ, ಒಂಚೂರು ಹಾಕಪ್ಪ" ಎಂದರೆ, "ಅದು ಅತ್ತಾಗ ನೋಡ್ಕೊಳ್ಳಣ ಬಿಡಣ್ಣ. ಅಳೋ ಮಗೂಗೇ ಅಲ್ವಾ ಹಾಲು?" ಎನ್ನುತ್ತಿದ್ದ.

ದ್ರಾಕ್ಷಿ ಸುಗ್ಗಿಯಲ್ಲಿ ಅದು ಅತ್ತಿತು. ಬೇರಿಂಗು ಸಿಡಿದು, ಚೈನು ಕಡಿದು, ಮಟಮಟ ಮಧ್ಯಾಹ್ನ ಎರಡನೆಯ ಲೈನು ನಿಂತಿತು. ತೋಟಗಳಲ್ಲಿ ಕೊಯ್ದಿಟ್ಟ ಹಣ್ಣು, ಗೇಟಿನ ಹೊರಗೆ ಪೆಟ್ಟಿಗೆಗೆ ಕಾದ ಲಾರಿಗಳು. ಷಡ್ಡಕ ಅಂಗಿ ಬಿಚ್ಚಿ ಮೆಷಿನ್ನಿನ ಹೊಟ್ಟೆಯೊಳಗೆ ನುಗ್ಗಿದ. ಅವನಿಗೆ ಬೇಕಾದ ಬೇರಿಂಗು ಸ್ಟೋರಿನಲ್ಲಿ ಇರಲಿಲ್ಲ. ನನ್ನ ಲೈನಿಗೆಂದು ತರಿಸಿ ಎತ್ತಿಟ್ಟಿದ್ದನ್ನು ಕೊಟ್ಟೆ. ಸುಳ್ಳೇಕೆ, ಆ ದಿನ ಅವನ ದುಡಿಮೆ ನೋಡುವಂತಿತ್ತು. ಇಡೀ ಕಾರ್ಖಾನೆ ನಿಂತು ನೋಡಿತು ಕೂಡ. ಮ್ಯಾನೇಜರರು ಸ್ವಹಸ್ತದಿಂದ ಟೀ ತಂದುಕೊಟ್ಟರು. ಮಸಿ ಮೆತ್ತಿದ ಅವನ ಮುಖದ ಫೋಟೊ ಕಂಪನಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಅದರ ಕೆಳಗೆ ಬಿದ್ದಷ್ಟು ಮುಗಿದ ಕೈಗಳು ದೇವರ ಪಟಕ್ಕೂ ಬಿದ್ದಿರಲಿಕ್ಕಿಲ್ಲ. ಅಷ್ಟು ಹೊತ್ತೂ ನನ್ನ ಲೈನು ಪಕ್ಕದಲ್ಲೇ ಓಡುತ್ತಿತ್ತು. ಓಡುವ ಮೆಷಿನ್ನಿನ ಫೋಟೊ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ.

ಮನೆಗೆ ಬರುವಷ್ಟರಲ್ಲಿ ಆ ಫೋಟೊ ತಂಗಿಯ ಫೋನಿನಿಂದ ಅಕ್ಕನ ಫೋನಿಗೆ ಬಂದಿತ್ತು.

"ನಿಮ್ಮದೂ ಒಂದ್ಸಲ ಕೆಟ್ಟಿದ್ರೆ ಗಂಟೇನು ಹೋಗ್ತಿತ್ರೀ?" ಎಂದಳು ಹೆಂಡತಿ.

"ಕೆಡಿಸೋಕೆ ಬರಲ್ಲ ಕಣೇ."

"ಇಷ್ಟು ವರ್ಷದಲ್ಲಿ ಅದನ್ನಾದ್ರೂ ಕಲ್ತ್ಕೊಂಡಿರ್ಬಾರ್ದಾ?"

ಮಾರನೆಯ ದಿನ ಮ್ಯಾನೇಜರರ ಕೋಣೆಗೆ ಹೋಗಿ ಫೋರ್‌ಮನ್ ಕೆಲಸದ ಮಾತೆತ್ತಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕರುಣೆಯಿಂದಲೇ ನೋಡಿದರು.

"ನಿನ್ನ ಲೈನಲ್ಲಿ ಕೆಲ್ಸ ಎಲ್ಲಿದೆಯಪ್ಪ? ಒಂದಿನಾನೂ ಕೆಟ್ಟಿಲ್ಲ. ಒಳ್ಳೇ ಮೆಷಿನ್ ಸಿಕ್ಕಿದೆ, ನೀನು ಅದೃಷ್ಟವಂತ. ಅವನನ್ನ ನೋಡು, ಎಂಥ ದರಿದ್ರ ಮೆಷಿನ್ ಇಟ್ಕೊಂಡು ಹೆಂಗೆ ಒದ್ದಾಡ್ತಾನೆ!"

ಎರಡೂ ಒಂದೇ ಕಂಪನಿಯವು, ಒಂದೇ ದಿನ ಇಳಿಸಿದವು ಎನ್ನಲು ಬಾಯಿ ತೆರೆದೆ. ಅದರ ಮುಂದಿನ ವಾಕ್ಯ ಷಡ್ಡಕನ ಗ್ರೀಸಿನ ವಿಚಾರಕ್ಕೇ ಬರಬೇಕಿತ್ತು. ಅವನ ಮನೆಯಲ್ಲಿರುವವಳು ನನ್ನ ಹೆಂಡತಿಯ ತಂಗಿ; ಹಬ್ಬ ಬಂದರೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವವರು. ತೆರೆದ ಬಾಯಿಂದ "ಆಯ್ತು ಸರ್" ಎಂಬುದಷ್ಟೇ ಹೊರಟಿತು.

ಮುಂದಿನ ತಿಂಗಳು ಷಡ್ಡಕ ಫೋರ್‌ಮನ್ ಆದ. ಕೆಡದ ಲೈನಿಗೆ ಪ್ರತ್ಯೇಕ ಮೆಕ್ಯಾನಿಕ್ ಬೇಡವೆಂದು ನನ್ನನ್ನು ಗೋದಾಮಿಗೆ ಹಾಕಿದರು.