ಮೊಮ್ಮಗಳ ಕೆನ್ನೆ ತುಂಬಿದಾಗ

ಡಾಕ್ಟರಮ್ಮ ನನ್ನ ಐದು ವರ್ಷದ ಮೊಮ್ಮಗಳ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

“ಇದು ಮೈ ತುಂಬಿದ್ದಲ್ರಿ ಆಯಿ, ನೀರು ತುಂಬೈತಿ. ಆಕಿ ರೋಗ ಕಿಡ್ನಿಗೂ ಇಳದೈತಿ,” ಎಂದರು.

ವಂಶದಿಂದ ಬಂದ ದೋಷದಿಂದಾಗಿ ರೋಗ ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟಿದ ಕೂಸು ಅದು. ಸದಾ ಜ್ವರ, ಕೆಮ್ಮು. ದವಾಖಾನೆಗೆ ಬರುವ ಮೊದಲು, ಅಂಥದ್ದರ ಕೆನ್ನೆ ತುಂಬಿದ್ದು ಕಂಡು ನಾನು ಹಿಗ್ಗಿ, ದಿನಾ ಸಂಜೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದೆ.

“ಮುಖ ಬಾತಂಗ ಕಾಣ್ತೈತ್ರಿ ಅತ್ತಿ, ದವಾಖಾನ್ಯಾಗ ತೋರಸೂಣು,” ಎಂದಳು ಸೊಸೆ.

“ಕೂಸಿಗೆ ನಿಂದ ಕಣ್ಣ ಹತ್ತೈತಿ, ಸುಮ್ಮನಿರು,” ಎಂದೆ. ಹದಿನೈದು ದಿನ ಹಾಗೇ ಹೋದವು.

ಈಗ ನಮ್ಮೂರು ಹೊರ್ತಿಯಿಂದ ವಾರಕ್ಕೊಮ್ಮೆ ಕೂಸಿನ ಚಿಕಿತ್ಸೆಗೆ ವಿಜಯಪುರಕ್ಕೆ ಹೋಗಿಬರುತ್ತೇವೆ. ಸೊಸೆ ಇವತ್ತಿಗೂ ನನಗೊಂದು ಮಾತು ಅಂದಿಲ್ಲ. ಬಸ್ಸಿನಲ್ಲಿ ದಣಿದು ನನ್ನ ಹೆಗಲಿಗೇ ಒರಗಿ ನಿದ್ದೆ ಹೋಗುತ್ತಾಳೆ. ನನಗೆ ನಿದ್ದೆ ಬರುವುದಿಲ್ಲ.