ಕೆಮ್ಮಣ್ಣಿನ ತುಕ್ಕು

ಜಯಸಿಂಹನ ಗೂಡ್ಸ್ ಗಾಡಿಗೆ ಎಂಜಿನ್ ಇರಲಿಲ್ಲ, ಹಳಿಯೂ ಇರಲಿಲ್ಲ. ಗೇಣುದ್ದವೂ ಇಲ್ಲದ ಆರು ಪ್ಲಾಸ್ಟಿಕ್ ವ್ಯಾಗನ್ನುಗಳು ಮುಂಬಯಿಯ ಚೆಂಬೂರಿನಲ್ಲಿ ಅವನ ಮನೆಯ ಕಿಟಕಿ ಹಲಗೆಯ ಮೇಲೆ ಸಾಲಾಗಿ ನಿಂತಿದ್ದವು. ಎಲ್ಲಿಗೂ ಹೋಗದ ಗಾಡಿಯನ್ನು ಅಷ್ಟು ಶ್ರದ್ಧೆಯಿಂದ ಕೊಳೆ ಮಾಡುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಲೋಕದ ಜನ ವಸ್ತು ತಂದು ಒರೆಸಿ ಇಡುತ್ತಾರೆ. ಇವನು ತಂದು ತುಕ್ಕು ಹಿಡಿಸುತ್ತಿದ್ದ. ಎದುರು ಮನೆಯವನಾದ ನನಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲಾಮೇಲೆ ಸಿಟ್ಟು ಬರತೊಡಗಿತು.

ಅವನೂ ನನ್ನಂತೆ ಮೈಸೂರು ಕಡೆಯವನೇ. ಒಂದು ಗೊಬ್ಬರದ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಮಕ್ಕಳಿರಲಿಲ್ಲ. ಹೆಂಡತಿ ಪಂಕಜಾ ಎಂಬತ್ತೈದರ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಅವನು ಅಳಲಿಲ್ಲ. ಕರ್ಮ ಮುಗಿಯುವ ತನಕ ಬಂದವರನ್ನೆಲ್ಲ ‘ಕಾಫಿ ಆಯ್ತಾ’ ಎಂದು ಕೇಳಿದ. ಆಮೇಲೆ ಅವಳ ಹೆಸರನ್ನೇ ಎತ್ತಲಿಲ್ಲ. ಹೆಸರಿರಲಿ, ‘ಅವಳು’ ಎಂದೂ ಅನ್ನಲಿಲ್ಲ. ನಾವು ಯಾರಾದರೂ ಅವಳ ಮಾತೆತ್ತಿದರೆ ಎದ್ದು ಹೋಗುತ್ತಿರಲಿಲ್ಲ, ಪಕ್ಕದ ಮನೆಯ ರೇಡಿಯೋ ಕೇಳುವವನ ಹಾಗೆ ಸುಮ್ಮನೆ ಕೂತಿರುತ್ತಿದ್ದ.

ಮಗನಿಗೆ ಬೇಯಿಸಿ ಹಾಕಲು ನಂಜನಗೂಡಿನಿಂದ ತಾಯಿ ಪುಟ್ಟಲಕ್ಷ್ಮಮ್ಮ ಬಂದರು. ಆಕೆಗೆ ಇದ್ದದ್ದು ಒಂದೇ ಆಸೆ. ಮೆಟ್ಟಿಲ ಮೇಲೆ ನಾನು ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಿದ್ದರು.

“ಒಂದ್ಸಲ ಅವಳ ಮಾತು ಆಡ್ಲಿ ಕಣೋ ನಂಜುಂಡು. ಬೈದಾದ್ರೂ ಆಡ್ಲಿ. ಹಿಂಗೇ ಇದ್ರೆ ನನ್ನ ಮಗ ನನಗೆ ಉಳಿಯಲ್ಲ.”

ಅವನು ಒಂದು ಭಾನುವಾರ ಚೋರ್ ಬಜಾರಿಗೆ ಹೋಗಿ, ಯಾವುದೋ ವಿದೇಶದ ಹಳೆಯ ಡಬ್ಬಿಯೊಂದನ್ನು ಹೊತ್ತು ತಂದ. ಒಳಗೆ ಈ ಆರು ವ್ಯಾಗನ್ನುಗಳು, ಮದುವೆಮನೆಯ ಪಾತ್ರೆಗಳ ಹಾಗೆ ಫಳಫಳ ಹೊಳೆಯುತ್ತಿದ್ದವು. “ಗೂಡ್ಸ್ ಗಾಡಿ ಹೀಗಿರಲ್ಲ,” ಎಂದ ಜಯಸಿಂಹ. ಎಷ್ಟೋ ವಾರಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಮೊದಲನೆಯದಕ್ಕೆ ಕಂದು ಬಣ್ಣವನ್ನು ದಪ್ಪಗೆ ಬಳಿದ. ಅದು ಚಾಕಲೇಟಿನ ಗಟ್ಟಿಯಂತಾಯಿತು. “ತಿನ್ನೋದಾ, ಇಡೋದಾ?” ಎಂದು ರೇಗಿಸಿದೆ. ಅವನು ನಗಲೂ ಇಲ್ಲ, ಮುನಿಯಲೂ ಇಲ್ಲ. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹಾಕಿ, ರಜೆಯ ದಿನಗಳಲ್ಲಿ ಟ್ರಾಂಬೆ ಕಡೆಯ ಗೂಡ್ಸ್ ಲೈನಿನ ಬದಿಗೆ ಹೋಗಿ ನಿಲ್ಲತೊಡಗಿದ. ಒಮ್ಮೆ ನಾನೂ ಹೋದೆ. ಬಿಸಿಲಿನಲ್ಲಿ ನಿಂತು ವ್ಯಾಗನ್ನಿನ ಬಾಗಿಲನ್ನು ದೇವರ ವಿಗ್ರಹ ನೋಡಿದಂತೆ ನೋಡುತ್ತಿದ್ದ. ಬೇಸರವಾಗಿ ನಾನು ಬೀಡಾ ತಿನ್ನಲು ಹೊರಟುಹೋದೆ.

ಅವನಿಗೆ ಮಾತ್ರ ಕೊಳೆಗೂ ಒಂದು ಕ್ರಮವಿದೆ ಎಂದು ಅಲ್ಲಿ ತಿಳಿಯಿತು. ತುಕ್ಕು ಎಲ್ಲೆಂದರಲ್ಲಿ ಹಿಡಿಯುವುದಿಲ್ಲ. ಬಾಗಿಲು ಉಜ್ಜುವ ಕಡೆ, ಬಣ್ಣ ಸುಲಿದ ಅಂಚಿನಲ್ಲಿ ಮೊದಲು ಹುಟ್ಟುತ್ತದೆ. ಮಳೆ ಅದನ್ನು ಗೆರೆಗೆರೆಯಾಗಿ ಕೆಳಗಿಳಿಸುತ್ತದೆ. ಧೂಳು ಚಕ್ರದಿಂದ ಮೇಲಕ್ಕೆ ಹತ್ತುತ್ತದೆ. ಎಣ್ಣೆಯ ಟ್ಯಾಂಕರಿನ ಹೊಟ್ಟೆಯ ಮೇಲೆ ತುಂಬುವಾಗ ಚೆಲ್ಲಿದ್ದರ ಕಪ್ಪು ಒಸರು ಇರುತ್ತದೆ. ಇವನ್ನೆಲ್ಲ ನೀರು ನೀರಾದ ಬಣ್ಣದಲ್ಲಿ ಹಚ್ಚಬೇಕು, ಹಚ್ಚಿದ್ದರಲ್ಲಿ ಮುಕ್ಕಾಲು ಪಾಲು ಒರೆಸಿ ತೆಗೆಯಬೇಕು, ಸಾಕು ಅನ್ನಿಸುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಬೇಕು.

ಬಣ್ಣಕ್ಕೆ ತುಕ್ಕಿನ ಒಣಕಲುತನ ಬರಲಿಲ್ಲ. ಆಗ ಅವನ ಕೈ ಅಡುಗೆಮನೆಗೂ ದೇವರ ಗೂಡಿಗೂ ಹೋಯಿತು. ಸಿಮೆಂಟಿನ ಧೂಳಿಗೆ ವಿಭೂತಿ, ಮಸಿಗೆ ಕಾಡಿಗೆ, ತುಕ್ಕಿಗೆ ಕೆಮ್ಮಣ್ಣು. ಆ ಕೆಮ್ಮಣ್ಣನ್ನು ನಾನು ಬಲ್ಲೆ. ಪಂಕಜಾ ಊರಿಗೆ ಹೋದಾಗಲೆಲ್ಲ ತಂದು, ಅರೆದು, ಬಟ್ಟೆಯಲ್ಲಿ ಸೋಸಿ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಡುತ್ತಿದ್ದಳು. ಹಬ್ಬ ಬಂದರೆ ಮೂರನೇ ಮಹಡಿಯ ಆ ಸಿಮೆಂಟ್ ಹೊಸ್ತಿಲಿಗೆ ಬಳಿಯುತ್ತಿದ್ದಳು, ತನ್ನದು ಮುಗಿದ ಮೇಲೆ ನಮ್ಮ ಹೊಸ್ತಿಲಿಗೂ.

“ಇದು ಎಲ್ಲಿಂದ ಬಂತು?” ಎಂದು ಬೇಕೆಂದೇ ಕೇಳಿದೆ.

“ಮನೇಲಿತ್ತು,” ಎಂದ.

ನನಗೆ ಮೈ ಉರಿಯಿತು. ಮನೇಲಿತ್ತಂತೆ! ಆಕಾಶದಿಂದ ಉದುರಿತ್ತೇ? ಆದರೆ ಒಣ ಕುಂಚದ ತುದಿಯಲ್ಲಿ ಅವನು ಆ ಪುಡಿಯನ್ನು ಮುಟ್ಟುತ್ತಿದ್ದ ಬಗೆ ನೋಡಿ ಸುಮ್ಮನಾದೆ. ಒಂದು ಕಣವೂ ಚೆಲ್ಲುತ್ತಿರಲಿಲ್ಲ. ಮೇಲೆ ವಾರ್ನಿಷ್ ಹೊಡೆದರೆ ಪುಡಿ ನಿಲ್ಲುತ್ತದೆ, ಆದರೆ ತುಕ್ಕು ಕಾಣದೆ ಹೋಗುತ್ತದೆ ಎಂದು ಅದನ್ನೂ ಬಿಟ್ಟ. ಹೀಗೆ ಒಂದು ವರ್ಷ ಹಿಡಿಯಿತು. ಆರನೆಯ ವ್ಯಾಗನ್ ಮುಗಿಯುವ ಹೊತ್ತಿಗೆ ಬಾಟಲಿಯ ತಳ ಕಂಡಿತ್ತು. ಪಂಕಜಾಳ ಕೈಯಿಂದ ಆದದ್ದು ಆ ಮನೆಯಲ್ಲಿ ಉಳಿದಿದ್ದರೆ ಆ ಕಿಟಕಿ ಹಲಗೆಯ ಮೇಲೆ ಮಾತ್ರ. ಗಾಡಿಗಳು ಎಷ್ಟು ನಿಜವಾಗಿದ್ದವೆಂದರೆ, ಮುಟ್ಟಿದ ಮೇಲೆ ನಾನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಆ ವರ್ಷದ ಮಹಾನವಮಿ ಬಂತು. ಮುಂಬಯಿಯವರು ಯಂತ್ರಗಳಿಗೆ ಪೂಜೆ ಮಾಡುವುದು ದಸರಾ ದಿನ. ನಮ್ಮ ಆಯುಧಪೂಜೆ ಹಿಂದಿನ ದಿನವೇ. ಹಾಗಾಗಿ ನಮಗೆ ರಜೆಯಿಲ್ಲ. ಜಯಸಿಂಹ ಕೆಲಸಕ್ಕೆ ಹೋಗಿದ್ದ. ಸಂಜೆ ನಾನು ಬ್ಯಾಂಕಿನಿಂದ ಬಂದು ಅವರ ಮನೆಗೆ ಕಾಲಿಟ್ಟರೆ, ಮಣೆಯ ಮೇಲೆ ಈಳಿಗೆ, ಕತ್ತರಿ, ಕುಕ್ಕರು, ಅವನ ಕಂಪಾಸು ಪೆಟ್ಟಿಗೆ. ಪಕ್ಕದಲ್ಲಿ ಆರು ವ್ಯಾಗನ್ನು. ತೊಳೆದು, ಒರೆಸಿ, ಒಂದೊಂದಕ್ಕೂ ಗಂಧ ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ. ಅಂಗಡಿಯಿಂದ ಬಂದ ದಿನದಂತೆಯೇ ಹೊಳೆಯುತ್ತಿದ್ದವು.

“ಏನಮ್ಮಾ ಮಾಡಿಬಿಟ್ರಿ?” ಎಂದೆ.

“ಚಕ್ರ ಇದೆಯಲ್ಲೋ, ವಾಹನ ತಾನೆ? ನಿನ್ನ ಸ್ಕೂಟರ್ ತೊಳೀಲಿಲ್ವಾ ನೀನು? ಹಬ್ಬದ ದಿನವೂ ಕೊಳೆ ಇಟ್ಕೊಳೋದಾ? ಕೆಲಸದ ನೀಲಾಬಾಯಿ ಕೈಲಿ ಸೋಪು ಹಾಕ್ಸಿ ಉಜ್ಜಿಸ್ದೆ. ಬೇಕಾದ್ರೆ ನಾಳೆ ಮತ್ತೆ ಹಚ್ಕೋತಾನೆ.”

ಹಚ್ಚಿಕೊಳ್ಳಲು ಇನ್ನಿಲ್ಲ, ಅದು ಪಂಕಜಾಳ ಬಾಟಲಿಯ ಕೊನೆಯ ಕೆಮ್ಮಣ್ಣು ಎಂದು ಹೇಳಿದೆ. ಆಕೆ ಬಚ್ಚಲ ಕಡೆಗೊಮ್ಮೆ ನೋಡಿದರು. ನೀಲಾಬಾಯಿ ಬೆಳಿಗ್ಗೆಯೇ ಬಕೆಟ್ಟುಗಟ್ಟಲೆ ನೀರು ಹಾಕಿ ಗುಡಿಸಿ ಹೋಗಿದ್ದಳು. ಪುಟ್ಟಲಕ್ಷ್ಮಮ್ಮ ಗೋಡೆಗೊರಗಿ ಕೂತುಬಿಟ್ಟರು.

ಅಷ್ಟರಲ್ಲಿ ಜಯಸಿಂಹ ಬಂದ. ಚಪ್ಪಲಿ ಬಿಟ್ಟ. ಮಣೆಯ ಮುಂದೆ ನಿಂತ. ಒಂದು ವ್ಯಾಗನ್ ಎತ್ತಿ ತಿರುಗಿಸಿ ನೋಡಿದ, ಬಾಗಿಲಿನ ಅಂಚಿಗೆ ಬೆರಳಾಡಿಸಿದ, ಇದ್ದ ಕಡೆಯೇ ಇಟ್ಟ. ಕೈಕಾಲು ತೊಳೆಯಲು ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಂದು ತಟ್ಟೆಯ ಮುಂದೆ ಕೂತು, ಆರಿದ ಹೋಳಿಗೆಯನ್ನು ಮುರಿದ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು.

ತಾಯಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಎರಡೂ ಕೈಯಿಂದ ಅವನ ಬೆನ್ನಿಗೆ ಗುದ್ದಿದರು. “ಬೈಯೋ ನನ್ನ! ವರ್ಷದ ಕೆಲಸ ಹಾಳ್ಮಾಡಿದೀನಿ, ಬೈಯೋ! ಅದಕ್ಕೂ ಬಾಯಿ ಇಲ್ವಾ ನಿಂಗೆ?”

ಅವನು ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ.

“ಯಾಕಮ್ಮ ಬೈಲಿ? ಅವಳಿದ್ದಿದ್ರೆ ಅವಳೂ ತೊಳೀತಿದ್ಳು,” ಎಂದ. ಧ್ವನಿ ಏರಲಿಲ್ಲ, ನಡುಗಲಿಲ್ಲ. “ಬೆಳಿಗ್ಗೆ ಐದಕ್ಕೇ ಎದ್ದು ತೊಳೀತಿದ್ಳು.”

ಪುಟ್ಟಲಕ್ಷ್ಮಮ್ಮನ ಕೈ ಅವನ ಬೆನ್ನ ಮೇಲೆಯೇ ನಿಂತಿತು. ಅವನು ಇನ್ನೊಂದು ತುಂಡು ಹೋಳಿಗೆ ಮುರಿದುಕೊಂಡ. ಆಕೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅದಕ್ಕೆ ತುಪ್ಪ ಹಾಕಿದರು.